ಒಗಟಿನ ಲೆಕ್ಕದಲ್ಲಿ ಉತ್ತರ ಬರುತ್ತೆ, ಉಪಾಯ ಬರಲ್ಲ. ಏನು ಮಾಡೋಣ?

ತೆಪ್ಪದ ಮೇಷ್ಟ್ರು (ಗಂಗಾವತಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಶನಿವಾರ ಬೆಳಗಿನ ಶಾಲೆ ಇರುತ್ತಲ್ಲ, ಅವತ್ತಿನ ಕೊನೆಯ ಪೀರಿಯಡ್ಡನ್ನು ಈ ವರ್ಷ ಎಂಟನೇ ತರಗತಿಗೆ ಒಗಟಿನ ಲೆಕ್ಕಕ್ಕೆ ಅಂತಲೇ ಇಟ್ಟಿದ್ದೇನೆ. ಒಂದು ಕಡೆ ದಾರಿ ಕಾಣುತ್ತಿಲ್ಲ. ನಿಮ್ಮ ಸಹಾಯ ಬೇಕು.

ಮೊದಲ ಶನಿವಾರ ಹಕ್ಕಿಗಳ ಲೆಕ್ಕ ಹೇಳಿದೆ. ನಿಮಗೆಲ್ಲ ಗೊತ್ತಿರುವುದೇ. ಹಾರಿ ಹೋಗುತ್ತಿದ್ದ ಹಿಂಡನ್ನು ನೋಡಿ ಮರದ ಮೇಲೆ ಕುಳಿತ ಹಕ್ಕಿ ‘ನೂರು ಜನಕ್ಕೆ ನಮಸ್ಕಾರ’ ಅನ್ನುತ್ತದೆ. ಹಿಂಡಿನ ಮುಂದಿದ್ದ ಹಕ್ಕಿ ‘ನಾವು ನೂರಿಲ್ಲ. ನಾವಿರುವಷ್ಟು, ಮತ್ತೆ ಅಷ್ಟು, ನಮ್ಮ ಅರ್ಧ, ನಮ್ಮ ಕಾಲು ಭಾಗ, ಜೊತೆಗೆ ನೀನೊಂದು ಬಂದರೆ ನೂರು’ ಅನ್ನುತ್ತದೆ. ಹಾರುತ್ತಿದ್ದವು ಎಷ್ಟು?

ನಾನು ಹೇಳಿ ಮುಗಿಸುವ ಮುಂಚೆಯೇ ಹಿಂದಿನ ಸಾಲಿನ ಹುಡುಗ ‘ಮೂವತ್ತಾರ್ರೀ ಸರ್’ ಅಂದ. ಶಭಾಷ್ ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಶನಿವಾರ ಅದೇ ಲೆಕ್ಕವನ್ನು ನೂರರ ಬದಲು 56 ಅಂತ ಮಾಡಿ ಕೊಟ್ಟೆ. ಅದೇ ಹುಡುಗ ಎದ್ದು ನಿಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಈಗೂ ಮೂವತ್ತಾರಲ್ಲೇನ್ರಿ?’ ಅಂತ ಕೇಳಿದ. ವಿಚಾರಿಸಿದರೆ, ಆ ಉತ್ತರವನ್ನು ಅವನ ಅಜ್ಜ ಯಾವಾಗಲೋ ಹೇಳಿಕೊಟ್ಟಿದ್ದರಂತೆ.

ಅವನ ಬಗ್ಗೆ ನನಗೆ ಬೇಜಾರಿಲ್ಲ. ಬೇಜಾರು ಉಳಿದ ಮಕ್ಕಳದ್ದು. ‘ಮೂವತ್ತಾರು’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಪೆನ್ಸಿಲ್ ಕೆಳಗಿಟ್ಟುಬಿಟ್ಟರು. ಒಬ್ಬರಾದರೂ ‘ಹೆಂಗ ಬಂತು?’ ಅಂತ ಕೇಳಲಿಲ್ಲ. ಒಗಟಿನ ಲೆಕ್ಕ ಹೇಳುವುದು ಮಕ್ಕಳು ಯೋಚಿಸಲಿ ಅಂತ. ಅದು ಬರೀ ಉತ್ತರ ಬಾಯಿಪಾಠ ಮಾಡುವ ಇನ್ನೊಂದು ಆಟವಾದರೆ ಏನು ಬಂತು? ಉಪಾಯ ಮಕ್ಕಳ ಕೈಯಲ್ಲಿ ಉಳಿಯುವ ಹಾಗೆ ಹೇಳುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಹುಣಸೆಬೀಜ (ಸಿಂಧನೂರು):

ಸರ್, ನಾನು ಐದನೇ ತರಗತಿ ಟೀಚರ್. ಇದೇ ತೊಂದರೆ ನನಗೂ ಇತ್ತು. ನಾನು ಮಾಡಿದ ಮೊದಲ ಕೆಲಸ ಉತ್ತರವನ್ನು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದ್ದು. ಉತ್ತರ ಸಿಕ್ಕವರು ಮುಷ್ಟಿ ಕಟ್ಟಿ ಎದೆ ಮೇಲೆ ಇಡಬೇಕು, ಅಷ್ಟೇ. ಹತ್ತು ಮುಷ್ಟಿ ಬಂದ ಮೇಲೆ ಒಬ್ಬರನ್ನು ಕರೆಯುತ್ತೇನೆ. ಆಗಲೂ ಉತ್ತರ ಕೇಳುವುದಿಲ್ಲ. ‘ಮೊದಲು ಏನು ಮಾಡಿದಿ?’ ಅಂತ ಕೇಳುತ್ತೇನೆ. ಅಜ್ಜ ಹೇಳಿಕೊಟ್ಟ ಉತ್ತರ ಇಟ್ಟುಕೊಂಡವರು ಅಲ್ಲಿಗೆ ನಿಲ್ಲುತ್ತಾರೆ, ಮತ್ತೆ ಕೂತು ಯೋಚಿಸುತ್ತಾರೆ.

ಎರಡನೆಯದು ಹುಣಸೆಬೀಜ. ನಮ್ಮ ಕಡೆ ಅದಕ್ಕೇನು ಬರವಿಲ್ಲ ಅಲ್ವಾ! ಒಂದು ಡಬ್ಬಿ ತುಂಬಾ ಇಟ್ಟಿದ್ದೇನೆ. ಮೂರು ಗುಡಿಯ ಲೆಕ್ಕವನ್ನು ಅದರಲ್ಲೇ ಮಾಡಿಸಿದ್ದು. ಒಬ್ಬ ಭಕ್ತ ಬುಟ್ಟಿಯಲ್ಲಿ ಹೂ ತಗೊಂಡು ಹೊರಡುತ್ತಾನೆ. ಪ್ರತಿ ಗುಡಿಯ ಮುಂದೆ ಒಂದು ಹೊಂಡ. ಬುಟ್ಟಿ ಅದ್ದಿದರೆ ಹೂ ಎರಡರಷ್ಟಾಗುತ್ತವೆ. ಮೂರೂ ಗುಡಿಯಲ್ಲಿ ಒಂದೇ ಸಮ ಹೂ ಏರಿಸುತ್ತಾನೆ. ಮೂರನೇ ಗುಡಿ ಮುಗಿದಾಗ ಬುಟ್ಟಿ ಖಾಲಿ. ಹೊರಟಾಗ ಕಡಿಮೆ ಅಂದರೆ ಎಷ್ಟು ಹೂ ಇದ್ದವು?

ಎಲ್ಲರೂ ಮನೆಯಿಂದ ಹೊರಟರು. ಐದು ಹೂ ಇಟ್ಟು ನೋಡಿದರು, ಹತ್ತು ಇಟ್ಟು ನೋಡಿದರು. ಮೂರನೇ ಗುಡಿಗೆ ಬರುವಷ್ಟರಲ್ಲಿ ಲೆಕ್ಕ ಕೈ ತಪ್ಪುತ್ತಿತ್ತು. ಕಾಲು ಗಂಟೆ ಆದ ಮೇಲೆ ಒಬ್ಬ ಹುಡುಗಿ ಬೀಜ ಎಲ್ಲ ಪಕ್ಕಕ್ಕೆ ಸರಿಸಿ, ‘ಟೀಚರ್, ಬುಟ್ಟಿ ಖಾಲಿ ಆದಲ್ಲಿಂದ ಶುರು ಮಾಡ್ಲೇನ್ರಿ?’ ಅಂದಳು. ಮಾಡಮ್ಮ ಅಂದೆ.

ಅವಳು ಮೂರನೇ ಗುಡಿಗೆ 2 ಬೀಜ ಇಟ್ಟಳು. ಹಾಗಾದರೆ ಹೊಂಡಕ್ಕೆ ಮುಂಚೆ 1. ಎರಡನೇ ಗುಡಿಯಲ್ಲಿ ಏರಿಸಿದ 2 ಸೇರಿ 3. ಅದಕ್ಕೂ ಮುಂಚಿನ ಹೊಂಡಕ್ಕೆ ಬಂದಾಗ ಒಂದೂವರೆ! ಪಕ್ಕದ ಹುಡುಗ ಬೀಜವನ್ನು ಹಲ್ಲಲ್ಲಿ ಕಚ್ಚಿ ಎರಡು ಮಾಡಲು ಹೋದ. ಇನ್ನೊಬ್ಬಳು ‘ಏ, ದೇವರಿಗೆ ಅರ್ಧ ಹೂ ಏರಸಂಗಿಲ್ಲ’ ಅಂತ ತಡೆದಳು. 4 ಇಟ್ಟರು. ಈ ಸಲ 2, 6, 3, 7, ಮೂರೂವರೆ. ಮತ್ತೆ ಅರ್ಧ ಬೀಜ. ಆದರೆ ಈ ಸಲ ಅದು ಕೊನೇ ಹೆಜ್ಜೆಯಲ್ಲಿ ಬಂತು ಅನ್ನುವುದನ್ನು ಅವರೇ ಗುರುತಿಸಿದರು. 8 ಇಟ್ಟಾಗ 4, 12, 6, 14, 7. ಹೊರಟಾಗ 7 ಹೂ, ಪ್ರತಿ ಗುಡಿಗೆ 8.

ಆ ಉಪಾಯಕ್ಕೆ ಮಕ್ಕಳೇ ‘ಹಿಂದಿನಿಂದ ಬರೋದು’ ಅಂತ ಹೆಸರಿಟ್ಟರು. ಮುಂದಿನ ವಾರ ಸಂತೆಯ ಲೆಕ್ಕ ಕೊಟ್ಟೆ. ಕೈಯಲ್ಲಿದ್ದ ದುಡ್ಡಲ್ಲಿ ಅರ್ಧ ಕಾಯಿಪಲ್ಲೆಗೆ, ಉಳಿದದ್ದರಲ್ಲಿ ಅರ್ಧ ಬಳೆಗೆ, 10 ರೂಪಾಯಿ ಬಸ್ಸಿಗೆ, ಮನೆಗೆ ಬಂದಾಗ 15 ರೂಪಾಯಿ. ಹೂವಿಲ್ಲ, ಗುಡಿಯಿಲ್ಲ. ಆದರೂ ಅರ್ಧ ತರಗತಿ ‘ಹಿಂದಿನಿಂದ ಬರೋಣ್ರಿ’ ಅಂತ ಕೂಗಿತು. 25, 50, 100. ಒಂದೇ ಉಪಾಯ ಬೇರೆ ವೇಷದಲ್ಲಿ ಮತ್ತೆ ಬರಬೇಕು ಸರ್. ಇಲ್ಲದಿದ್ದರೆ ಅದು ಆ ಒಂದು ಲೆಕ್ಕದ ಉತ್ತರವಾಗಿಯೇ ಉಳಿಯುತ್ತದೆ.

ಕೊಪಣ (ಕೊಪ್ಪಳ):

ಟೀಚರ್, ಓದಿ ತುಂಬಾ ಖುಷಿಯಾಯಿತು. ನಾನು ಗಣಿತ ಉಪನ್ಯಾಸಕನಾಗಿ ನಿವೃತ್ತನಾದವನು. ‘ಹಿಂದಿನಿಂದ ಬರೋದು’ ನಮ್ಮಲ್ಲಿ ಬಹಳ ಹಳೆಯದು. ಆರ್ಯಭಟ 499ರಲ್ಲೇ ಇದನ್ನು ಹೇಳಿದ್ದಾನೆ. ಗುಣಿಸಿದ ಕಡೆ ಭಾಗಿಸು, ಕೂಡಿದ ಕಡೆ ಕಳೆ. ಇದಕ್ಕೆ ವಿಲೋಮ ಅಂತ ಹೆಸರು.

ಮೇಷ್ಟ್ರೇ, ನಿಮಗೆ ನಮ್ಮ ನಾಡಿನದೇ ಒಂದು ಲೆಕ್ಕ ಕೊಡುತ್ತೇನೆ. ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಅದೇ ರಾಜನ ಆಸ್ಥಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಹೇಳುವಾಗ ‘ಮಹಾ ಕೊಪಣ ನಗರ’ ಬರುತ್ತದೆ. ಅದು ನಮ್ಮ ಕೊಪ್ಪಳವೇ. ಮಕ್ಕಳಿಗೆ ಇಷ್ಟು ಹೇಳಿ ಲೆಕ್ಕ ಶುರು ಮಾಡಿದರೆ ಅವರು ಕೂರುವ ರೀತಿಯೇ ಬೇರೆ.

ಗಣಿತಸಾರಸಂಗ್ರಹದ ಲೆಕ್ಕ ಇದು. ಒಂದು ರಾಶಿ ಮಾವಿನ ಹಣ್ಣು. ರಾಜ ಆರರಲ್ಲಿ ಒಂದು ಭಾಗ ತಗೊಂಡ. ಉಳಿದದ್ದರಲ್ಲಿ ಐದನೇ ಒಂದು ಭಾಗ ರಾಣಿಗೆ. ಆಮೇಲೆ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು, ಉಳಿದದ್ದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ತಗೊಂಡರು. ಕೊನೆಗೆ ಉಳಿದ ಮೂರು ಹಣ್ಣು ಚಿಕ್ಕ ಮಗುವಿಗೆ. ಮೊದಲು ಎಷ್ಟಿದ್ದವು? ಬೀಜಗಣಿತದಲ್ಲಿ ಮಾಡಿದರೆ ಭಿನ್ನರಾಶಿಗಳ ಉದ್ದ ಸಾಲು. ಹಿಂದಿನಿಂದ ಬಂದರೆ 3, 6, 9, 12, 15, 18. ಆಮೇಲೆ ಮಕ್ಕಳನ್ನು ಅಲ್ಲೇ ನಿಲ್ಲಿಸಿ, ಒಬ್ಬೊಬ್ಬರಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಎಲ್ಲರಿಗೂ ಮೂರೇ! ಅದನ್ನು ಕಂಡುಹಿಡಿದಾಗ ಮಕ್ಕಳ ಮುಖ ನೋಡಬೇಕು.

ಹಕ್ಕಿ ಲೆಕ್ಕಕ್ಕೆ ಬೇರೆ ಉಪಾಯ ಇದೆ. ಯಾವುದೋ ಒಂದು ಸಂಖ್ಯೆ ಇಟ್ಟುಕೊಂಡು ನೋಡುವುದು, ಆಮೇಲೆ ಅದನ್ನು ಸರಿಪಡಿಸುವುದು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದನ್ನು ಇಷ್ಟಕರ್ಮ ಅಂತ ಕರೆಯುತ್ತಾರೆ. ಬಿಡಿಸಿ ಹೇಳುವುದಿಲ್ಲ. ನಿಮ್ಮ ಆ ಹುಡುಗನಿಗೇ ಬಿಡಿ.

ಇನ್ನೊಂದು ಸಲಹೆ. ಪೋಲ್ಯ ಎಂಬ ಗಣಿತಜ್ಞರು 1945ರಲ್ಲಿ ನಾಲ್ಕು ಹೆಜ್ಜೆ ಹೇಳಿದರು. ಲೆಕ್ಕವನ್ನು ಅರ್ಥ ಮಾಡಿಕೋ, ಉಪಾಯ ಹುಡುಕು, ಮಾಡು, ತಿರುಗಿ ನೋಡು. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಶುರು ಮಾಡಿದರೆ ಮಕ್ಕಳಿಗೆ ಒಂದು ಹಿಡಿ ಸಿಗುತ್ತದೆ.

ಹುಣಸೆಬೀಜ (ಸಿಂಧನೂರು):

ಸರ್, ನೀವು ಹಿರಿಯರು. ಆದರೂ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆ ನಾಲ್ಕು ಹೆಜ್ಜೆ ಬೋರ್ಡಿಗೆ ಬಂದ ದಿನ ಮಕ್ಕಳು ಅದನ್ನೂ ನೋಟ್ಸಿಗೆ ಇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ. ನಾನು ಒಂದು ವರ್ಷ ಹಾಗೇ ಮಾಡಿ ನೋಡಿದೆ. ‘ಎರಡನೇ ಹೆಜ್ಜೆ ಯಾವುದು?’ ಅಂದರೆ ಹೇಳುತ್ತಿದ್ದರು, ಲೆಕ್ಕ ಕೊಟ್ಟರೆ ಕೈ ಕಟ್ಟಿ ಕೂರುತ್ತಿದ್ದರು. ಮೊದಲು ಲೆಕ್ಕ, ಆಮೇಲೆ ಹೆಸರು. ಹೆಸರು ಅವರ ಬಾಯಿಂದಲೇ ಬರಲಿ.

ಕೊಪಣ (ಕೊಪ್ಪಳ):

ಸರಿ ಟೀಚರ್. ಐದನೇ ತರಗತಿಗೆ ನಿಮ್ಮ ಮಾತೇ ಸರಿ. ಆದರೆ ನಾಲ್ಕನೇ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ತಿರುಗಿ ನೋಡದಿದ್ದರೆ ‘ಎಲ್ಲರಿಗೂ ಮೂರೇ’ ಅನ್ನುವುದು ಕಾಣುವುದಿಲ್ಲ.

ಹತ್ತನೇ ಕ್ಲಾಸಿನ ಅಪ್ಪ (ರಾಯಚೂರು):

ನಾನು ಮೇಷ್ಟ್ರಲ್ಲ, ಮಗಳ ಅಪ್ಪ. ಕೇಳುವುದು ತಪ್ಪಾದರೆ ಕ್ಷಮಿಸಿ. ನನ್ನ ಮಗಳಿಗೆ ಗಣಿತ ಅಂದರೆ ಭಯ. ಎಸ್ಸೆಸ್ಸೆಲ್ಸಿ ಪೇಪರ್ 80 ಅಂಕದ್ದು. ಪಠ್ಯ ಮುಗಿಸುವುದೇ ಕಷ್ಟವಾಗಿರುವಾಗ ಹೂವು, ಹಕ್ಕಿ, ಮಾವಿನಹಣ್ಣು ಅಂತ ಕೂತರೆ ಪಾಸಾಗುವುದು ಹೇಗೆ? ಕಾಲು ಗಂಟೆ ದಾರಿ ಕಾಣದೆ ಕೂತರೆ ಅವಳು ಅತ್ತುಬಿಡುತ್ತಾಳೆ. ಇಂಥ ಮಕ್ಕಳಿಗೆ ಏನು ಮಾಡುತ್ತೀರಿ?

ತೆಪ್ಪದ ಮೇಷ್ಟ್ರು (ಗಂಗಾವತಿ ತಾಲ್ಲೂಕು):

ಕೇಳಿದ್ದು ಒಳ್ಳೆಯದಾಯಿತು ಸರ್. ಈ ಭಯ ನನ್ನ ತರಗತಿಯ ಅರ್ಧ ಮನೆಗಳಲ್ಲಿದೆ.

ಪಠ್ಯ ಬೇರೆ, ಒಗಟು ಬೇರೆ ಅಲ್ಲ. ಲೀಲಾವತಿಯ ತಾವರೆ ಲೆಕ್ಕ ನೋಡಿ. ನೀರಿನ ಮೇಲೆ ಅರ್ಧ ಮೊಳ ಎದ್ದ ತಾವರೆ ಗಾಳಿಗೆ ಬಾಗಿ ಎರಡು ಮೊಳ ಆಚೆ ನೀರಲ್ಲಿ ಮುಳುಗುತ್ತದೆ. ಆಳ ಎಷ್ಟು? ಒಂದು ಚಿತ್ರ ಬರೆದರೆ ಸಾಕು, ಅದು ಶಾಲೆಯ ಪಠ್ಯದ ಪೈಥಾಗೊರಸ್ ಪ್ರಮೇಯ. ಆಳ ಮೂರೂ ಮುಕ್ಕಾಲು ಮೊಳ. ಒಂದರಿಂದ ನೂರರವರೆಗೆ ಕೂಡುವ ಲೆಕ್ಕ ನೋಡಿ. ಮೊದಲನೆಯದಕ್ಕೂ ಕೊನೆಯದಕ್ಕೂ ಜೋಡಿ ಮಾಡಿದರೆ 101ರ ಐವತ್ತು ಜೋಡಿ, 5050. ಅದೇ ಸಮಾಂತರ ಶ್ರೇಢಿಯ ಸೂತ್ರ. ಜೋಡಿ ಮಾಡಿ ನೋಡಿದ ಹುಡುಗಿ ಸೂತ್ರ ಮರೆತರೂ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾಳೆ.

ಅಳುವ ವಿಷಯ ದೊಡ್ಡದು. ನನಗನ್ನಿಸುವುದು, ಅವಳಿಗೆ ಒಬ್ಬಳೇ ಕೂರಲು ಬಿಡಬೇಡಿ. ನೀವೂ ಜೊತೆಗೆ ಕೂತು, ಉತ್ತರ ಗೊತ್ತಿಲ್ಲದ ಲೆಕ್ಕವನ್ನು ಇಬ್ಬರೂ ಸೇರಿ ನೋಡಿ. ಅಪ್ಪನಿಗೂ ತಕ್ಷಣ ಬರಲ್ಲ ಅನ್ನುವುದು ಕಂಡರೆ ಭಯ ಎಷ್ಟೋ ಇಳಿಯುತ್ತದೆ.

ಟೆಸ್ಟರ್ (ಬಳ್ಳಾರಿ):

ನಾನು ಎಲೆಕ್ಟ್ರಿಷಿಯನ್. ಓದಿದ್ದು ಐಟಿಐ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಇದೇ ಉಪಾಯದಲ್ಲಿ ನನ್ನ ಹೊಟ್ಟೆಪಾಡು ನಡೆಯುತ್ತದೆ.

ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ತಗೊಳ್ಳಿ. ಸಾಲಾಗಿ ಜೋಡಿಸಿದ 64 ಬಲ್ಬು, ಒಂದು ಹೋದರೆ ಎಲ್ಲ ಕತ್ತಲು. ಕೆಲಸ ಕಲಿಯಲು ಬಂದ ಹುಡುಗರು ಮೊದಲನೇ ಬಲ್ಬಿಂದ ಒಂದೊಂದೇ ನೋಡುತ್ತಾ ಹೋಗುತ್ತಾರೆ. ನಾನು ನೇರ ಮಧ್ಯಕ್ಕೆ ಹೋಗುತ್ತೇನೆ. ಅಲ್ಲಿ ಟೆಸ್ಟರ್ ಹತ್ತಿದರೆ ಅಲ್ಲಿವರೆಗೆ ಲೈನ್ ಸರಿ ಇದೆ, ತೊಂದರೆ ಮುಂದಿನ ಅರ್ಧದಲ್ಲಿ. ಹತ್ತದಿದ್ದರೆ ಹಿಂದಿನ ಅರ್ಧದಲ್ಲಿ. 64, 32, 16, 8, 4, 2, 1. ಆರು ಸಲ ಟೆಸ್ಟರ್ ಇಟ್ಟರೆ ಮುಗಿಯಿತು. ಮಕ್ಕಳಿಗೆ ಕರೆಂಟಿನಲ್ಲಿ ಮಾಡಿಸಬೇಡಿ! ಒಂದರಿಂದ ನೂರರೊಳಗೆ ಒಂದು ಸಂಖ್ಯೆ ನೆನೆಸಿಕೊಂಡು, ಹೌದು ಅಥವಾ ಇಲ್ಲ ಎಂದಷ್ಟೇ ಹೇಳುವ ಆಟ ಆಡಿಸಿ. ಏಳು ಪ್ರಶ್ನೆ ಸಾಕು.

ಖೊಟ್ಟಿ ನಾಣ್ಯದ ಲೆಕ್ಕದಲ್ಲಿ ಮಾತ್ರ ನಾನು ಬಹಳ ದಿನ ಎಡವಿದೆ. ಒಂಬತ್ತು ನಾಣ್ಯ, ಒಂದು ಹಗುರ, ತಕ್ಕಡಿಯಲ್ಲಿ ಎರಡೇ ಸಲ ತೂಗಬೇಕು. ಅರ್ಧ ಮಾಡುವ ಅಭ್ಯಾಸದಿಂದ ನಾಲ್ಕು ನಾಲ್ಕು ಇಟ್ಟು ತೂಗುತ್ತಿದ್ದೆ. ಮೂರು ಸಲ ಬೇಕಾಗುತ್ತಿತ್ತು. ಆಮೇಲೆ ಒಂದು ದಿನ ಹೊಳೆಯಿತು. ಟೆಸ್ಟರ್ ಎರಡೇ ಮಾತು ಹೇಳುತ್ತೆ, ಹತ್ತಿತು ಅಥವಾ ಹತ್ತಲಿಲ್ಲ. ತಕ್ಕಡಿ ಮೂರು ಮಾತು ಹೇಳುತ್ತೆ, ಎಡಕ್ಕೆ, ಬಲಕ್ಕೆ, ಸಮ. ಹಾಗಾದರೆ ಮೂರು ಪಾಲು ಮಾಡಬೇಕು! ಮೂರು ಮೂರು ತೂಗಿದರೆ ಯಾವ ಮೂರರಲ್ಲಿದೆ ಅಂತ ಗೊತ್ತಾಗುತ್ತದೆ. ಆ ಮೂರರಲ್ಲಿ ಒಂದಕ್ಕೊಂದು ತೂಗಿದರೆ ನಾಣ್ಯವೇ ಸಿಗುತ್ತದೆ. ಇದೇ ಲೆಕ್ಕದಲ್ಲಿ ಮೂರು ಸಲಕ್ಕೆ 27 ನಾಣ್ಯ. ಇದು ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಹುಣಸೆಬೀಜ (ಸಿಂಧನೂರು):

ಅಣ್ಣಾ, ‘ತಕ್ಕಡಿ ಮೂರು ಮಾತು ಹೇಳುತ್ತೆ’ ಅನ್ನುವುದನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ. ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ಕೇಳಿರಲಿಲ್ಲ.

ತೆಪ್ಪದ ಮೇಷ್ಟ್ರು (ಗಂಗಾವತಿ ತಾಲ್ಲೂಕು):

ಈ ಶನಿವಾರದ ಸಮಾಚಾರ. ಹುಲಿ, ಆಡು, ಹುಲ್ಲಿನ ಹೊರೆ ಲೆಕ್ಕ ತಗೊಂಡೆ. ಮೂರನ್ನೂ ಹೊಳೆ ದಾಟಿಸಬೇಕು. ತೆಪ್ಪದಲ್ಲಿ ಅಂಬಿಗನ ಜೊತೆ ಒಂದಕ್ಕೇ ಜಾಗ. ಅಂಬಿಗ ಇಲ್ಲದಾಗ ಹುಲಿ ಆಡನ್ನು, ಆಡು ಹುಲ್ಲನ್ನು ತಿಂದುಬಿಡುತ್ತದೆ. ಯುರೋಪಿನಲ್ಲಿ ಸುಮಾರು 1200 ವರ್ಷದ ಹಿಂದಿನ ಲ್ಯಾಟಿನ್ ಸಂಗ್ರಹದಲ್ಲಿ ಇದು ತೋಳ, ಆಡು, ಎಲೆಕೋಸು ಅಂತ ಇದೆ. ಆಲ್ಕ್ವಿನ್ ಎಂಬ ವಿದ್ವಾಂಸರ ಹೆಸರಿನಲ್ಲಿ ಬಂದದ್ದು. ನಮ್ಮ ಮಕ್ಕಳಿಗೆ ಹೊಳೆ ಅಂದರೆ ತುಂಗಭದ್ರೆ, ದಾಟುವುದು ಅಂದರೆ ಆನೆಗುಂದಿಯ ತೆಪ್ಪ. ಅಂಗಳದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದೆವು. ಒಬ್ಬ ಅಂಬಿಗ, ಒಬ್ಬ ಹುಲಿ, ಒಬ್ಬಳು ಆಡು. ಹುಲ್ಲಿನ ಹೊರೆಗೆ ಒಂದು ಸ್ಕೂಲ್ ಬ್ಯಾಗು.

ಅಂಬಿಗ ಆಡನ್ನು ದಾಟಿಸಿದ. ಒಬ್ಬನೇ ವಾಪಸ್ ಬಂದ. ಹುಲಿಯನ್ನು ದಾಟಿಸಿದ. ಅಲ್ಲಿ ನಿಂತ. ಇಬ್ಬರನ್ನೂ ಬಿಟ್ಟು ಹೊರಟರೆ ಆಡು ಹೋಯಿತು. ‘ಮೊದಲಿಂದ ಮಾಡೋಣ್ರಿ’ ಅಂದರು. ಹುಲ್ಲು ಒಯ್ದು ನೋಡಿದರು, ಅದೇ ಕಥೆ. ಹೀಗೆ ಮೂರು ಸಲ. ನನಗೆ ಹೇಳಿಬಿಡೋಣ ಅಂತ ಬಾಯಿಗೆ ಬರುತ್ತಿತ್ತು. ಬೇವಿನ ಮರದ ಕೆಳಗೆ ಹೋಗಿ ಕೈ ಹಿಂದೆ ಕಟ್ಟಿ ನಿಂತೆ.

ಹೇಳಿದ್ದು ಯಾರು ಗೊತ್ತಾ? ಆಡು ಆಗಿದ್ದ ಹುಡುಗಿ. ಸಾಮಾನ್ಯವಾಗಿ ಬಾಯೇ ಬಿಡದವಳು. ‘ನನ್ನ ವಾಪಸ್ ಕರಕೊಂಡು ಹೋಗಲಾ’ ಅಂದಳು ಅಂಬಿಗನಿಗೆ. ಅವನು ‘ದಾಟಿಸಿದ್ದನ್ನ ಯಾರರ ವಾಪಸ್ ಒಯ್ತಾರೇನು?’ ಅಂದ. ಅವಳು ಕಾಯಲಿಲ್ಲ, ಅವನ ಕೈ ಹಿಡಿದು ಈ ದಡಕ್ಕೆ ನಡೆದೇಬಿಟ್ಟಳು. ಆಮೇಲೆ ಎಲ್ಲ ಸರಸರ ಆಯಿತು. ಒಟ್ಟು ಏಳು ಸಲ ದಾಟಿದರು.

ಅಂಬಿಗನಾಗಿದ್ದ ಹುಡುಗ ಕೇಳಿದ ಪ್ರಶ್ನೆಯೇ ಈ ಲೆಕ್ಕದ ಗಂಟು. ಮುಂದೆ ಹೋಗಲು ಒಮ್ಮೆ ಹಿಂದೆ ಬರಬೇಕಾಗುತ್ತದೆ ಅನ್ನುವುದು ಮಕ್ಕಳಿಗೆ ಹೊಳೆಯುವುದಿಲ್ಲ. ಮಾಡಿದ ಕೆಲಸ ಹಾಳಾದ ಹಾಗೆ ಕಾಣುತ್ತದೆ. ಆಡಿ ನೋಡಿದ್ದರಿಂದ ಅದು ಕಾಲಿಗೇ ಗೊತ್ತಾಯಿತು.

ಸೋಮವಾರ ಪಟ್ಟಿ ಮಾಡಿಸಿದೆ. ನಾಲ್ಕು ಜನ, ಎರಡು ದಡ. ಇರಬಹುದಾದ ರೀತಿ ಒಟ್ಟು 16. ಅದರಲ್ಲಿ ಅಪಾಯದವು 6, ಸರಿಯಾದವು 10. ಆ ಹತ್ತನ್ನು ಗೆರೆ ಎಳೆದು ಜೋಡಿಸಿದಾಗ ಏಳು ದಾಟಿನ ದಾರಿ ಒಂದಲ್ಲ, ಎರಡಿವೆ ಅಂತ ಕಂಡಿತು. ಆಡಿದ್ದೇ ಪಟ್ಟಿಯಾಗಿ ಕಣ್ಣ ಮುಂದೆ ಬಂತು.

ಚುಕ್ಕಿ (ಕುರುಗೋಡು):

ನಾನು ಬಿ.ಎಡ್ ಓದುತ್ತಿದ್ದೇನೆ. ಇಲ್ಲಿ ಬಂದ ಲೆಕ್ಕಕ್ಕೆಲ್ಲ ಉತ್ತರ ಇದೆ. ‘ಆಗುವುದಿಲ್ಲ’ ಅನ್ನುವುದೇ ಉತ್ತರವಾದ ಲೆಕ್ಕವನ್ನೂ ಕೊಡಬೇಕು ಅನ್ನಿಸುತ್ತದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಲು ಆಗುವುದಿಲ್ಲ ಅಂತ 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ತೋರಿಸಿದ. ಬರೀ ಎಣಿಕೆಯಿಂದ. ನಾಲ್ಕು ನೆಲದ ತುಂಡುಗಳಿಗೆ 5, 3, 3, 3 ಸೇತುವೆ, ಎಲ್ಲವೂ ಬೆಸ. ಒಂದು ತುಂಡಿಗೆ ಬಂದು ಹೋಗಲು ಸೇತುವೆ ಜೋಡಿಯಾಗಿ ಬೇಕು. ಶುರು ಮಾಡುವ ಜಾಗ, ಮುಗಿಸುವ ಜಾಗ, ಇವೆರಡು ಮಾತ್ರ ಬೆಸ ಇರಬಹುದು.

ಅಭ್ಯಾಸ ಪಾಠದಲ್ಲಿ ನಾನು ಮಾಡಿಸಿದ್ದು ಚೌಕಾಬಾರದ ಮನೆ. ಹಂಪಿಯ ಹಾಸುಗಲ್ಲುಗಳ ಮೇಲೂ ಇಂಥ ಆಟಗಳ ಮನೆ ಕೆತ್ತಿರುವುದನ್ನು ನೋಡಿರುತ್ತೀರಿ. ಐದೈದು, ಒಟ್ಟು 25 ಮನೆ. ಎರಡು ಮನೆ ಮುಚ್ಚುವ ಅಳತೆಯ ಕಡ್ಡಿಪೆಟ್ಟಿಗೆ 12. ಒಂದು ಮನೆ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಬೇಕು. ಮಧ್ಯದ ಮನೆ ಬಿಟ್ಟರೆ ಆಗುತ್ತದೆ. ಮೂಲೆ ಬಿಟ್ಟರೂ ಆಗುತ್ತದೆ. ಮೂಲೆಯ ಪಕ್ಕದ ಮನೆ ಬಿಟ್ಟು ನೋಡಿ!

ಮಕ್ಕಳು ಇಪ್ಪತ್ತು ನಿಮಿಷ ಹೆಣಗಿದರು. ಆಮೇಲೆ ಮನೆಗಳಿಗೆ ಒಂದು ಬಿಟ್ಟು ಒಂದಕ್ಕೆ ಅರಿಶಿನ ಹಚ್ಚಿಸಿದೆ, ಮೂಲೆಯಿಂದ ಶುರು ಮಾಡಿ. ಅರಿಶಿನದವು 13, ಬಿಳಿ 12. ಕಡ್ಡಿಪೆಟ್ಟಿಗೆ ಎಲ್ಲಿಟ್ಟರೂ ಒಂದು ಅರಿಶಿನ, ಒಂದು ಬಿಳಿ ಮುಚ್ಚುತ್ತದೆ. ಬಿಳಿ ಮನೆ ಖಾಲಿ ಬಿಟ್ಟರೆ 13ಕ್ಕೆ 11, ಜೋಡಿ ಕೂಡುವುದಿಲ್ಲ. ‘ಹಂಗಂದ್ರ ನಾವು ವರ್ಷ ಕೂತ್ರೂ ಆಗಂಗಿಲ್ಲ!’ ಅಂತ ಒಬ್ಬ ಕೂಗಿದ. ಅವನ ದನಿಯಲ್ಲಿ ಸೋತ ಬೇಸರ ಸ್ವಲ್ಪವೂ ಇರಲಿಲ್ಲ. ತನಗೆ ಬರಲಿಲ್ಲ ಅನ್ನುವುದಕ್ಕೂ ಯಾರಿಗೂ ಬರುವುದಿಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಸಿಕ್ಕಿತ್ತು.

ಹತ್ತನೇ ಕ್ಲಾಸಿನ ಅಪ್ಪ (ರಾಯಚೂರು):

ನಿನ್ನೆ ರಾತ್ರಿ ಊಟ ಆದ ಮೇಲೆ ಮಗಳ ಜೊತೆ ಕಡ್ಡಿಪೆಟ್ಟಿಗೆ ಲೆಕ್ಕಕ್ಕೆ ಕೂತೆ. ನನಗೆ ಬಿಡಿಸಲು ಬರಲಿಲ್ಲ. ಅರಿಶಿನದ ವಿಷಯ ನಾನು ಬೇಕೆಂತಲೇ ಹೇಳಿರಲಿಲ್ಲ. ಅವಳು ಹತ್ತೂವರೆಗೆ ಮೂಲೆ ಮನೆಗಳಿಗೆಲ್ಲ ಗುರುತು ಹಾಕತೊಡಗಿದಳು. ಇನ್ನೂ ಪೂರ್ತಿ ಆಗಿಲ್ಲ. ಬೆಳಿಗ್ಗೆ ಎದ್ದವಳೇ ಹಾಳೆ ಹುಡುಕಿದಳು. ಅಳಲಿಲ್ಲ.

ತೆಪ್ಪದ ಮೇಷ್ಟ್ರು (ಗಂಗಾವತಿ ತಾಲ್ಲೂಕು):

ಇವತ್ತು ಹಕ್ಕಿ ಲೆಕ್ಕಕ್ಕೆ ಮತ್ತೆ ಹೋದೆ. ಕೊಪ್ಪಳದ ಸರ್ ಹೇಳಿದ ಹಾಗೆ ಏನೂ ಬಿಡಿಸಿ ಹೇಳಲಿಲ್ಲ. ಒಂದು ಹಿಡಿ ಹುಣಸೆಬೀಜ ಕೊಟ್ಟು, ‘ನಿಮಗೆ ಬೇಕಾದಷ್ಟು ಹಕ್ಕಿ ಇಟ್ಟು ನೋಡಿ’ ಅಂದೆ ಅಷ್ಟೇ.

ಆ ಹಿಂದಿನ ಸಾಲಿನ ಹುಡುಗ ಮೊದಲು 2 ಇಟ್ಟ. ಕಾಲು ಭಾಗಕ್ಕೆ ಬಂದಾಗ ಅರ್ಧ ಬೀಜವಾಯಿತು. ತೆಗೆದು 4 ಇಟ್ಟ. 4, ಮತ್ತೆ 4, ಅರ್ಧ 2, ಕಾಲು 1. ಎಣಿಸಿದರೆ 11. ಮರದ ಹಕ್ಕಿ ಸೇರಿದರೆ 12. ಮತ್ತೆ ಸುಮ್ಮನಾದ. ಆಮೇಲೆ ಇನ್ನೊಂದು ಸಲ ಅಷ್ಟೇ ಬೀಜವನ್ನು ಪಕ್ಕದಲ್ಲಿ ಇಟ್ಟ. 22, ಒಂದು ಸೇರಿ 23. ಮೂರನೇ ಗುಂಪು ಇಡುವಾಗ ಕೈ ಅರ್ಧಕ್ಕೇ ನಿಂತಿತು. ಮುಷ್ಟಿ ಎದೆ ಮೇಲೆ ಬಂತು.

‘ಮೊದಲು ಏನು ಮಾಡಿದಿ?’ ಅಂದೆ. ‘ನಾಕು ಹಕ್ಕಿಗೆ ಹನ್ನೊಂದು ಬರ್ತಾವ್ರಿ. ಐವತ್ತಾರರಾಗ ಮರದ್ದೊಂದು ತೆಗದ್ರ ಐವತ್ತೈದು. ಅದರಾಗ ಐದು ಹನ್ನೊಂದು. ಐದು ನಾಕಲೆ ಇಪ್ಪತ್ತು.’ ಸ್ವಲ್ಪ ತಡೆದು, ‘ನೂರಕ್ಕ ಒಂಬತ್ತು ಹನ್ನೊಂದ್ರಿ, ಒಂಬತ್ತು ನಾಕಲೆ ಮೂವತ್ತಾರು. ಅದಕ್ಕ ನಮ್ಮಜ್ಜ ಮೂವತ್ತಾರು ಅಂದಿದ್ದು’ ಅಂದ.

ಹಾಗಾದರೆ ನೂರಾ ಒಂದು ಅಂದರೆ ಅಂತ ಒಬ್ಬಳು ಕೇಳಿದಳು. ಅದು ಬರುವುದಿಲ್ಲ ಅಂದ. ಯಾವುದು ಬರುತ್ತದೆ ಅಂತ ಅವಳೇ ಬೋರ್ಡಿಗೆ ಹೋಗಿ ಬರೆಯತೊಡಗಿದಳು. 12, 23, 34, 45, 56, 67, 78, 89, 100. ಬರೆದು ಮುಗಿಸಿ ಹಿಂದೆ ಸರಿದು ನೋಡಿ, ‘ಸರ್, ಒಂದು ಎರಡು, ಎರಡು ಮೂರು, ಮೂರು ನಾಕು... ಹಿಂಗ್ಯಾಕ ಬಂತ್ರಿ ಇದು?’ ಅಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಬ್ಬರೂ ಎದ್ದಿರಲಿಲ್ಲ.

ಬೋರ್ಡಿನ ಕೆಳಗೆ ‘ಸೋಮವಾರದವರೆಗೆ ಅಳಿಸಬೇಡಿ’ ಅಂತ ಬರೆದು ಬಂದಿದ್ದೇನೆ.